ಟೊಳ್ಳು ಗಿಟಾರಿಗೂ ಮೇಳ ಕಟ್ಟಬೇಕು

ಮೇರಿಲ್ಯಾಂಡ್, ವರ್ಜೀನಿಯಾ, ಡಿ.ಸಿ. ಕಡೆಯಿಂದ ಕೇಳುತ್ತಿರುವ ಮಕ್ಕಳಿಗೆ, ಅಟ್ಲಾಂಟದ ಮಕ್ಕಳಿಗೆ, ರಾಲಿ, ಶಾರ್ಲಟ್, ಗ್ರೀನ್‌ವಿಲ್ ಮಕ್ಕಳಿಗೆ ಪ್ರೀತಿಯ ಸ್ವಾಗತ. ‘ಮಕ್ಕಳು’ ಎಂದಿದ್ದಕ್ಕೆ ಕಾಲೇಜಿಗೆ ಹೋಗುವವರು ಮುನಿಸಿಕೊಳ್ಳಬೇಡಿ. ನೀವು ನನ್ನನ್ನು ಆಂಟಿ ಎಂದು ಕರೆಯುವವರೆಗೂ ನಾನು ನಿಮ್ಮನ್ನು ಮಕ್ಕಳೇ ಎನ್ನುತ್ತೇನೆ.

ಇವತ್ತು ಗಿಟಾರಿನ ವಿಷಯ. ಅದರಲ್ಲೂ ಹಾಲೋಬಾಡಿ ಎಲೆಕ್ಟ್ರಿಕ್ ಗಿಟಾರ್, ಅಂದರೆ ಒಳಗೆ ಟೊಳ್ಳಾಗಿರುವ, ಮೈಮೇಲೆ ಪಿಟೀಲಿನ ಹಾಗೆ ಎಫ್ ಆಕಾರದ ಎರಡು ತೂತುಗಳಿರುವ ಗಿಟಾರ್. ಅದನ್ನು ಕಡಿಮೆ ದುಡ್ಡಿಗೆ ಕೊಳ್ಳುವುದು ಹೇಗೆ, ಕೊಂಡ ಮೇಲೆ ನುಡಿಸಲು ಹದ ಮಾಡುವುದು ಹೇಗೆ ಎಂದು ಹೇಳುತ್ತೇನೆ. ಕನ್ನಡ ಎಂ.ಎ. ಮಾಡಿದ ಗೃಹಿಣಿಗೆ ಇದೆಲ್ಲ ಯಾಕೆ ಎಂದು ನಿಮಗೆ ಅನ್ನಿಸಬಹುದು. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ಕೆಲವು ವರ್ಷ ವೀಣೆ ಕಲಿತವಳು ನಾನು. ಇಲ್ಲಿಗೆ ಬಂದ ಮೇಲೆ ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ವೇದಿಕೆಯ ಹಿಂದೆ ನಿಂತು ಮಕ್ಕಳ ವಾದ್ಯ, ವೈರು, ಮೈಕು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಸೇವೆ. ಮನೆಯಲ್ಲೂ ಮಗನ ಹಾಲೋಬಾಡಿ ಗಿಟಾರ್ ಇದೆ. ನುಡಿಸುವುದು ಅವನು, ತಂತಿ ಬದಲಾಯಿಸುವುದು, ಕುದುರೆ ಸರಿಪಡಿಸುವುದು ನಾನು.

ವೇದಿಕೆಯ ಹಿಂದೆ ನಿಂತು ಮತ್ತೆ ಮತ್ತೆ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಮಗು ಆಸೆಯಿಂದ ಗಿಟಾರ್ ಶುರು ಮಾಡುತ್ತದೆ. ನಾಲ್ಕು ತಿಂಗಳಿಗೆ ಬೆರಳು ನೋವು. ಎಫ್ ಕಾರ್ಡ್ ಹಿಡಿಯಲು ಆಗುವುದಿಲ್ಲ. ಶ್ರುತಿ ಮಾಡಿಯೇ ನುಡಿಸಿದರೂ ಮೇಲಿನ ಸ್ವರಗಳು ಅಪಸ್ವರ. ಕೊನೆಗೆ ‘ಮ್ಯೂಸಿಕ್ ನನಗಲ್ಲ’ ಎಂದು ಗಿಟಾರು ಬೇಸ್‌ಮೆಂಟು ಸೇರುತ್ತದೆ. ಅಪ್ಪ ಅಮ್ಮ ‘ಇವಳು ಯಾವುದನ್ನೂ ಪೂರ್ತಿ ಮಾಡುವುದಿಲ್ಲ’ ಎಂದು ಆ ಪಟ್ಟಿಗೆ ಇದನ್ನೂ ಸೇರಿಸುತ್ತಾರೆ. ಬೇಸ್‌ಮೆಂಟಿನಲ್ಲಿರುವ ಆ ಗಿಟಾರನ್ನು ಎತ್ತಿ ಕಣ್ಣ ಮಟ್ಟಕ್ಕೆ ಹಿಡಿದು ನೋಡಿ. ಎಷ್ಟೋ ಸಲ ತಂತಿಗಳು ಬೇಕಾದ್ದಕ್ಕಿಂತ ಎರಡರಷ್ಟು ಎತ್ತರದಲ್ಲಿರುತ್ತವೆ. ಕುದುರೆ ಅದರ ಜಾಗದಲ್ಲಿರುವುದಿಲ್ಲ. ಕುತ್ತಿಗೆ ಬಾಗಿರುತ್ತದೆ. ಆ ವಾದ್ಯವನ್ನು ಯಾರು ನುಡಿಸಿದರೂ ಬೆರಳು ನೋಯುತ್ತದೆ, ಅಪಸ್ವರವೇ ಬರುತ್ತದೆ. ವಾದ್ಯದ ದೋಷವನ್ನು ಮಗು ತನ್ನ ದೋಷ ಎಂದುಕೊಂಡು ಸಂಗೀತ ಬಿಟ್ಟಿರುತ್ತದೆ.

ವೀಣೆ ಕಲಿಯುವ ಮನೆಗಳಲ್ಲಿ ಈ ಗೊಂದಲ ಇರಲಿಲ್ಲ. ವೀಣೆಗೆ 24 ಮೆಟ್ಟಿಲುಗಳು. ಗಿಟಾರಿನಲ್ಲಿ ಫ್ರೆಟ್ ಎನ್ನುತ್ತೀರಲ್ಲ, ಅವೇ. ಅವುಗಳನ್ನು ದಂಡಿಯ ಮೇಲೆ ಮೇಣದಲ್ಲಿ ಕೂರಿಸಿರುತ್ತಾರೆ. ಬಿಸಿಲಿಗೆ, ಬಳಕೆಗೆ ಮೇಣ ಜಾರುತ್ತದೆ, ಮೆಟ್ಟಿಲು ಕದಲುತ್ತದೆ, ಸ್ವರ ತಪ್ಪುತ್ತದೆ. ಆಗ ಯಾರೂ ಮಗುವನ್ನು ಬೈಯುವುದಿಲ್ಲ. ‘ಮೇಳ ಕೆಟ್ಟಿದೆ, ಕಟ್ಟಿಸಬೇಕು’ ಎನ್ನುತ್ತಾರೆ. ಬಲ್ಲವರು ಬಂದು ಮೇಣ ಬಿಸಿ ಮಾಡಿ, ಒಂದೊಂದೇ ಮೆಟ್ಟಿಲನ್ನು ಕಿವಿಯಿಂದ ಕೇಳಿ ಕೂರಿಸಿ ಹೋಗುತ್ತಾರೆ. ಗಿಟಾರಿನವರು ‘ಸೆಟಪ್’ ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಗಿಟಾರಿಗೆ ಫ್ರೆಟ್ಟುಗಳನ್ನು ಫ್ಯಾಕ್ಟರಿಯಲ್ಲೇ ಹೊಡೆದಿರುತ್ತಾರಾದ್ದರಿಂದ ‘ಎಲ್ಲಾ ರೆಡಿ ಇದೆ’ ಎಂದು ನಾವು ತಿಳಿಯುತ್ತೇವೆ. ರೆಡಿ ಇರುವುದಿಲ್ಲ. ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ಡಬ್ಬಿಗೆ ಸೇರಿ, ಹಡಗು ಹತ್ತಿ, ಗೋದಾಮಿನಲ್ಲಿ ಕೂತು ನಿಮ್ಮ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಮರ ತನ್ನಷ್ಟಕ್ಕೆ ಹಿಗ್ಗಿ ಕುಗ್ಗಿರುತ್ತದೆ.

ಇನ್ನು ಟೊಳ್ಳಿನ ಮಾತು. ಕನ್ನಡದಲ್ಲಿ ‘ಟೊಳ್ಳು’ ಎಂದರೆ ಹೊಗಳಿಕೆಯಲ್ಲ. ಟೊಳ್ಳು ಮಾತು, ಟೊಳ್ಳು ಮನುಷ್ಯ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಿಮ್ಮ ಅಜ್ಜಿ ಹೇಳಿರುತ್ತಾರೆ. ಆದರೆ ವೀಣೆಯ ಕೊಡ ಖಾಲಿ ಇದ್ದರೇ ನುಡಿಯುವುದು. ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲಿ ದೇಹದ ಒಂದೊಂದು ಅಂಗವನ್ನೂ ವಾದ್ಯದ ಒಂದೊಂದು ಭಾಗ ಮಾಡಿ ಎಂದು ಕೇಳಿಕೊಳ್ಳುತ್ತಾರೆ. ಅಲ್ಲಿ ತಲೆಯೇ ಸೋರೆಬುರುಡೆ. ತಲೆ ಟೊಳ್ಳಾಗಿರುವುದು ಒಳ್ಳೆಯದು ಎನ್ನುವ ಅಪರೂಪದ ಜಾಗ ಅದು. (ಪರೀಕ್ಷೆಗೆ ಇದನ್ನು ಬರೆಯಬೇಡಿ, ಮಾರ್ಕ್ಸ್ ಬರುವುದಿಲ್ಲ.)

ಗಿಟಾರಿನ ಮೈ ಟೊಳ್ಳಾಗಿದ್ದದ್ದು ಮೊದಲಿಗೆ ಸದ್ದಿಗಾಗಿ. ಕರೆಂಟು ಇಲ್ಲದ ಕಾಲದಲ್ಲಿ ಡಾನ್ಸ್ ಬ್ಯಾಂಡಿನ ತುತ್ತೂರಿಗಳ ನಡುವೆ ಗಿಟಾರ್ ಕೇಳಿಸುತ್ತಿರಲಿಲ್ಲ. ಪಿಟೀಲಿನ ಹಾಗೆ ಉಬ್ಬಿದ ಮುಖ, ಎಫ್ ತೂತು ಇಟ್ಟು ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಎಂಬ ಗಿಟಾರ್ ತಂದಿತು. ಆಮೇಲೆ 1936ರಲ್ಲಿ ಅಂಥದೇ ಮೈಗೆ ಪಿಕಪ್ ಕೂರಿಸಿ ಇ.ಎಸ್.-150 ಎಂದು ಹೊರತಂದರು. ಇ.ಎಸ್. ಅಂದರೆ ಎಲೆಕ್ಟ್ರಿಕ್ ಸ್ಪ್ಯಾನಿಷ್. ತೊಡೆಯ ಮೇಲೆ ಮಲಗಿಸಿ ನುಡಿಸುವ ಹವಾಯಿಯನ್ ಗಿಟಾರಿಗಿಂತ ಇದು ಬೇರೆ ಎಂದು ಹೇಳಲು ಆ ಹೆಸರು. 150 ಎನ್ನುವುದು ಸುಮಾರಾಗಿ ಅದರ ಬೆಲೆ, ಆಂಪ್ಲಿಫೈಯರ್ ಸೇರಿ ಡಾಲರಿನಲ್ಲಿ. ಚಾರ್ಲಿ ಕ್ರಿಶ್ಚಿಯನ್ ಎಂಬ ಹುಡುಗ ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ ಬ್ಯಾಂಡು ಸೇರಿದ. 1942ರಲ್ಲಿ 25 ವರ್ಷಕ್ಕೇ ತೀರಿಕೊಂಡ. ಆ ಎರಡು ಮೂರು ವರ್ಷಗಳಲ್ಲಿ ಗಿಟಾರು ಹಿಂದೆ ಕೂತು ತಾಳ ಹಾಕುವ ವಾದ್ಯವಾಗಿ ಉಳಿಯಲಿಲ್ಲ; ಸ್ಯಾಕ್ಸೊಫೋನಿನ ಪಕ್ಕದಲ್ಲಿ ನಿಂತು ಮಾತಾಡುವಂತಾಯಿತು.

ಅಟ್ಲಾಂಟದವರಿಗೆ ಹತ್ತಿರದ ಕಥೆ ಇನ್ನೊಂದಿದೆ. ಚೆಟ್ ಆಟ್ಕಿನ್ಸ್ ಹೆಸರು ಕೇಳಿರಬಹುದು. ಹುಟ್ಟಿದ್ದು 1924ರಲ್ಲಿ, ಟೆನೆಸಿಯಲ್ಲಿ. ವಿಪರೀತ ಆಸ್ತಮಾ ಇದ್ದದ್ದರಿಂದ ಜಾರ್ಜಿಯಾದ ಕೊಲಂಬಸ್ ಹತ್ತಿರ ತಂದೆಯ ಮನೆಗೆ ಬಂದರು. ಒಂಬತ್ತನೆಯ ವಯಸ್ಸಿಗೆ ಹಳೆಯ ಪಿಸ್ತೂಲು ಕೊಟ್ಟು, ಮನೆಗೆಲಸವನ್ನೂ ಮಾಡಿಕೊಡುತ್ತೇನೆಂದು ಅಣ್ಣನಿಂದ ಗಿಟಾರ್ ಪಡೆದಿದ್ದರು. ಅದರ ಕುತ್ತಿಗೆ ಎಷ್ಟು ಬಾಗಿತ್ತೆಂದರೆ ಮೊದಲ ಕೆಲವು ಮೆಟ್ಟಿಲು ಬಿಟ್ಟರೆ ಉಳಿದವು ನುಡಿಸಲು ಬರುತ್ತಿರಲಿಲ್ಲವಂತೆ. ಆಮೇಲೆ ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿತು. ಆದರೆ ಮನೆಯಲ್ಲಿ ಕರೆಂಟಿಲ್ಲ. ಪ್ಲಗ್ಗು ಹುಡುಕಿಕೊಂಡು ಮೈಲಿಗಟ್ಟಲೆ ಹೋಗಬೇಕಿತ್ತು. 1939ರಲ್ಲಿ ಆ ಹುಡುಗ ಸಿನ್ಸಿನಾಟಿಯ ಡಬ್ಲ್ಯು.ಎಲ್.ಡಬ್ಲ್ಯು. ರೇಡಿಯೋದಲ್ಲಿ ಮರ್ಲ್ ಟ್ರಾವಿಸ್ ನುಡಿಸುವುದನ್ನು ಕೇಳಿದ. ಬೆರಳು ಹೇಗೆ ಆಡುತ್ತದೆಂದು ನೋಡಲು ಆಗ ಯೂಟ್ಯೂಬ್ ಇರಲಿಲ್ಲ. ಕಿವಿಗೆ ಕೇಳಿಸಿದ್ದನ್ನು ತನಗೆ ತೋಚಿದಂತೆ, ಹೆಬ್ಬೆರಳಿನ ಜೊತೆ ಬೇರೆ ಬೇರೆ ಬೆರಳು ಸೇರಿಸಿ ನುಡಿಸಿದ. ಅದೇ ಅವರ ಹೆಸರಿನ ಶೈಲಿಯಾಯಿತು. ರೇಡಿಯೋ ನಡೆಸುವ ನಮಗೆ ಈ ಕಥೆ ಇಷ್ಟವಾಗುವುದು ಸಹಜ ಬಿಡಿ.

1950ರ ದಶಕದ ನಡುವೆ ಗ್ರೆಚ್ ಕಂಪನಿ ಚೆಟ್ ಆಟ್ಕಿನ್ಸ್ ಹೆಸರಿನಲ್ಲೇ 6120 ಎಂಬ ಕಿತ್ತಳೆ ಬಣ್ಣದ ಹಾಲೋಬಾಡಿ ತಂದಿತು. ಗ್ರೆಚ್ 1883ರಲ್ಲಿ ಬ್ರೂಕ್ಲಿನ್‌ನಲ್ಲಿ ಒಬ್ಬ ಜರ್ಮನ್ ವಲಸಿಗ ತೆರೆದ ಅಂಗಡಿ. 1967ರಲ್ಲಿ ಮನೆತನದ ಕೈತಪ್ಪಿತು. 1980ರ ದಶಕದಲ್ಲಿ ಅದೇ ಮನೆತನದ ಫ್ರೆಡ್ ಗ್ರೆಚ್ ಮರಳಿ ಕೊಂಡು, ಕಚೇರಿಯನ್ನು ಜಾರ್ಜಿಯಾದ ಸವಾನಾ ಕಡೆಗೆ ತಂದರು. ದಕ್ಷಿಣ ಕೆರೊಲಿನಾದ ರಿಜ್‌ಲ್ಯಾಂಡ್‌ನಲ್ಲಿ ಅವರ ಡ್ರಮ್ಮುಗಳು ತಯಾರಾಗುತ್ತವೆ. ಗಿಟಾರು ಮಾತ್ರ ಅಲ್ಲಿ ತಯಾರಾಗುವುದಿಲ್ಲ. ನಮ್ಮ ಕೈಗೆಟಕುವ ಗ್ರೆಚ್‌ಗಳು ಬರುವುದು ಏಷ್ಯಾದಿಂದಲೇ. ಡಿ.ಸಿ. ಕಡೆಯವರಿಗೂ ಹೆಮ್ಮೆಗೆ ಒಂದು ಕಾರ್ಖಾನೆ ಇದೆ. ಬೇ ಬ್ರಿಜ್ ದಾಟಿದೊಡನೆ ಸಿಗುವ ಸ್ಟೀವನ್ಸ್‌ವಿಲ್‌ನಲ್ಲಿ ಪಾಲ್ ರೀಡ್ ಸ್ಮಿತ್ ಗಿಟಾರುಗಳನ್ನು ಮಾಡುತ್ತಾರೆ. ಅಲ್ಲಿಯ ಹಾಲೋಬಾಡಿಯ ಬೆಲೆ ಕೇಳಿದರೆ ನಿಮ್ಮಪ್ಪ ಬ್ರಿಜ್ ಮೇಲಿಂದಲೇ ಕಾರು ತಿರುಗಿಸುತ್ತಾರೆ.

ಹಾಗಾದರೆ ಏನು ಕೊಳ್ಳುವುದು? ಅಂಗಡಿಯಲ್ಲಿ ‘ಹಾಲೋಬಾಡಿ’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಜಾತಿ ಇರುತ್ತವೆ. ಒಂದು ಪೂರ್ತಿ ಟೊಳ್ಳು. ಇನ್ನೊಂದು ಅರೆ ಟೊಳ್ಳು, ಸೆಮಿ-ಹಾಲೋ: ಗಿಬ್ಸನ್‌ನವರು 1958ರಲ್ಲಿ ತಂದ ಇ.ಎಸ್.-335ರ ಹಾಗೆ, ಮೈಯ ನಡುವೆ ಉದ್ದಕ್ಕೂ ಒಂದು ಮರದ ದಿಮ್ಮಿ, ಅಕ್ಕಪಕ್ಕ ಮಾತ್ರ ಖಾಲಿ. ಹೊರಗಿನಿಂದ ಎರಡೂ ಒಂದೇ ಥರ ಕಾಣಬಹುದು. ಪೂರ್ತಿ ಟೊಳ್ಳಿನದು ಮೃದುವಾದ, ಮರದ ನಾದ. ಪ್ಲಗ್ ಹಾಕದೆಯೂ ಡಾರ್ಮಿನ ಕೋಣೆಯಲ್ಲಿ ನಿಮಗೆ ಕೇಳಿಸುವಷ್ಟು, ರೂಮ್‌ಮೇಟಿಗೆ ಸಿಟ್ಟು ಬರದಷ್ಟು ಸದ್ದು. ಆದರೆ ದೊಡ್ಡ ಸ್ಪೀಕರಿನ ಮುಂದೆ ಅದು ಕೂಗಲು ಶುರು ಮಾಡುತ್ತದೆ. ಮನೆ, ಸಣ್ಣ ಕೂಟ, ಭಾವಗೀತೆಗೆ ಪೂರ್ತಿ ಟೊಳ್ಳು. ಡ್ರಮ್ಸ್ ಇರುವ ಬ್ಯಾಂಡಿಗೆ ಅರೆ ಟೊಳ್ಳು. ಇದು ನನ್ನ ಅಭಿಪ್ರಾಯ. ಕಾಲೇಜಿಗೆ ಹೋಗುವ, ಎರಡಕ್ಕೂ ಒಂದೇ ಗಿಟಾರ್ ಬೇಕೆನ್ನುವ ಹುಡುಗನಿಗೆ ಅರೆ ಟೊಳ್ಳನ್ನೇ ಹೇಳುತ್ತೇನೆ.

ಕಡಿಮೆ ಬೆಲೆಯಲ್ಲಿ ನೋಡಬೇಕಾದವು ಐಬನೇಜ್‌ನ ಆರ್ಟ್‌ಕೋರ್ ಸಾಲು, ಎಪಿಫೋನ್, ಗ್ರೆಚ್‌ನ ಸ್ಟ್ರೀಮ್‌ಲೈನರ್ ಸಾಲು. ಹೊಸವು ಸುಮಾರು 400ರಿಂದ 600 ಡಾಲರಿನಲ್ಲಿ ಸಿಗುತ್ತವೆ. ಒಮ್ಮೆ ಕೈ ಬದಲಾಯಿಸಿದವು ಇನ್ನೂ ಕಡಿಮೆಗೆ. ಇವುಗಳ ಮುಖ ಪ್ಲೈವುಡ್ಡಿನ ಹಾಗೆ ತೆಳು ಮರದ ಪದರಗಳನ್ನು ಅಂಟಿಸಿದ್ದು ಎಂದು ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಜಾಜ್ ಲೋಕದ ದೊಡ್ಡ ಹೆಸರಾದ ಗಿಬ್ಸನ್ ಇ.ಎಸ್.-175ರ ಮುಖವೂ ಅಂಥದೇ. ಪದರದ ಮರ ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಸ್ಪೀಕರಿನ ಮುಂದೆ ಕೂಗುವುದೂ ಕಡಿಮೆ.

ದುಡ್ಡಿನ ವಿಷಯದಲ್ಲಿ ಒಂದು ಖಡಾಖಂಡಿತ ಮಾತು. ಕೈಯಲ್ಲಿ 500 ಡಾಲರ್ ಇದ್ದರೆ 500ರ ಗಿಟಾರ್ ಕೊಳ್ಳಬೇಡಿ. 350ರ ಆಸುಪಾಸಿನ ಒಳ್ಳೆಯ ಹಳೆಯದನ್ನು ಹುಡುಕಿ. ಉಳಿದದ್ದರಲ್ಲಿ ಸೆಟಪ್ ಮಾಡಿಸಿ, ಹೊಸ ತಂತಿ ಹಾಕಿಸಿ, ಒಂದು ಕೇಸ್ ಕೊಳ್ಳಿ. ಸೆಟಪ್ಪಿಗೆ ಊರಿಗೆ ತಕ್ಕಂತೆ 60ರಿಂದ 100 ಡಾಲರ್ ಕೇಳುತ್ತಾರೆ. ನಮ್ಮ ಅಪ್ಪಂದಿರು ಗಿಟಾರ್ ಕೊಳ್ಳಲು ಹೊರಟರೆ ಸ್ಪ್ರೆಡ್‌ಶೀಟ್ ಮಾಡುತ್ತಾರೆ; ಎಂಟು ಮಾಡೆಲ್, ಹತ್ತು ಕಾಲಂ. ಸೆಟಪ್ಪಿನ ಕಾಲಂ ಮಾತ್ರ ಇರುವುದಿಲ್ಲ. ಆ ಕಾಲಂ ನೀವು ಸೇರಿಸಿ.

ಸಾಧ್ಯವಾದರೆ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ಕೊಳ್ಳಿ. ನಮ್ಮ ಕಡೆ ವೀಟನ್‌ನಲ್ಲಿ ಚಕ್ ಲೆವಿನ್ಸ್ ಇದೆ. 1958ರಲ್ಲಿ ಡಿ.ಸಿ.ಯಲ್ಲಿ ಶುರುವಾಗಿ, 1968ರ ಗಲಭೆಯಲ್ಲಿ ಅಂಗಡಿ ಕಳೆದುಕೊಂಡು ವೀಟನ್‌ಗೆ ಬಂದದ್ದು. ಅಟ್ಲಾಂಟದಲ್ಲಿ, ಕೆರೊಲಿನಾಗಳಲ್ಲಿ ಹಳೆಯ ಗಿಟಾರ್ ಕೊಂಡು ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಹೋಗುವಾಗ ಒಂದು ಸಣ್ಣ ಟಾರ್ಚು, ಒಂದು ವಿಸಿಟಿಂಗ್ ಕಾರ್ಡು ಜೇಬಿನಲ್ಲಿರಲಿ.

ಹಳೆಯ ಗಿಟಾರಿನಲ್ಲಿ ಮೊದಲು ನೋಡಬೇಕಾದ್ದು ಬಣ್ಣವಲ್ಲ, ಕರೆಂಟಿನ ಭಾಗ. ಪ್ಲಗ್ ಹಾಕಿ ಎಲ್ಲ ಗುಬುಟುಗಳನ್ನೂ ತಿರುಗಿಸಿ, ಸ್ವಿಚ್ ಮೂರೂ ಕಡೆ ಹಾಕಿ, ವೈರು ಸಿಕ್ಕಿಸುವ ಜಾಗವನ್ನು ಸ್ವಲ್ಪ ಅಲುಗಿಸಿ. ಕರಕರ ಎನ್ನುತ್ತದೆಯೇ? ಗಟ್ಟಿ ಮರದ ಗಿಟಾರಿನಲ್ಲಾದರೆ ಹಿಂದಿನ ಮುಚ್ಚಳ ತೆಗೆದು ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಹಾಲೋಬಾಡಿಗೆ ಸಾಮಾನ್ಯವಾಗಿ ಆ ಮುಚ್ಚಳ ಇರುವುದಿಲ್ಲ. ಒಳಗಿನ ಪ್ರತಿಯೊಂದು ಸಾಮಾನನ್ನೂ ದಾರ ಕಟ್ಟಿ, ಎಫ್ ತೂತಿನಿಂದ ಹೊರಗೆಳೆದು, ಮತ್ತೆ ದಾರದಿಂದಲೇ ಅದರ ಜಾಗಕ್ಕೆ ಕಳಿಸಬೇಕು. ಬಾವಿಯಿಂದ ಬಿಂದಿಗೆ ತೆಗೆದ ಹಾಗೆ. ರಿಪೇರಿಯವರು ಅದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳುತ್ತಾರೆ, ಕೇಳುವುದು ನ್ಯಾಯವೇ.

ಆಮೇಲೆ ಕುತ್ತಿಗೆ. ದಪ್ಪ ತಂತಿಯನ್ನು ಒಂದನೆಯ ಮೆಟ್ಟಿಲಲ್ಲೂ, ಕುತ್ತಿಗೆ ಮೈಗೆ ಸೇರುವ ಮೆಟ್ಟಿಲಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ಏಳನೆಯ ಮೆಟ್ಟಿಲ ಹತ್ತಿರ ತಂತಿಯ ಕೆಳಗೆ ಕೂದಲಷ್ಟು ಸಂದು, ವಿಸಿಟಿಂಗ್ ಕಾರ್ಡು ನುಸುಳುವಷ್ಟು ಇದ್ದರೆ ಸರಿ. ಹೆಚ್ಚು ಬಾಗಿದ್ದರೂ ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ತಿರುಗಿಸಿ ಸರಿಮಾಡಬಹುದು. ಸರಿಮಾಡಲಾಗದ್ದು ಬೇರೆ ಇದೆ. ಕುದುರೆಯನ್ನು ಎತ್ತರಿಸಿ ಇಳಿಸುವ ಎರಡು ಸಣ್ಣ ಚಕ್ರಗಳಿರುತ್ತವೆ. ಚಕ್ರಗಳು ಪೂರ್ತಿ ಕೆಳಗೆ ಇಳಿದಿವೆ, ಕುತ್ತಿಗೆ ನೇರವಾಗಿಯೇ ಇದೆ, ಆದರೂ ತಂತಿ ಎತ್ತರದಲ್ಲಿದೆ ಎಂದರೆ ಕುತ್ತಿಗೆ ಮೈಗೆ ಸೇರಿರುವ ಕೋನವೇ ಕೆಟ್ಟಿದೆ. ಅದನ್ನು ಸರಿಮಾಡಲು ಗಿಟಾರಿನ ಬೆಲೆಗಿಂತ ಹೆಚ್ಚಾಗುತ್ತದೆ. ಎಷ್ಟೇ ಚೆಂದ ಕಂಡರೂ ಕೆಳಗಿಟ್ಟು ಬನ್ನಿ. ಕೊನೆಗೆ ಟಾರ್ಚಿನಿಂದ ಎಫ್ ತೂತಿನೊಳಗೆ ನೋಡಿ. ಅಂಟು ಬಿಟ್ಟ ಪಟ್ಟಿ, ಬಿರುಕು ಇದೆಯೇ ಎಂದು.

ಬಿಗ್ಸ್‌ಬಿ ಎಂಬ, ತಂತಿಯನ್ನು ಅಲುಗಿಸುವ ಹಿಡಿ ಇರುವ ಗಿಟಾರ್ ನೋಡಲು ಬಹಳ ಚೆನ್ನ. ಮೊದಲ ಗಿಟಾರಿಗೆ ನಾನಾದರೆ ಬೇಡ ಎನ್ನುತ್ತೇನೆ. ಅದಕ್ಕೆ ತಂತಿ ಹಾಕುವುದು ಓಡಾಡುವ ಮಗುವಿಗೆ ಜಡೆ ಹಾಕಿದಷ್ಟೇ ಕಷ್ಟ.

ಗಿಟಾರ್ ಮನೆಗೆ ಬಂತು. ಮೇಳ ಕಟ್ಟುವ ಕೆಲಸ ಈಗ. ಮೊದಲನೆಯ ಸಲ ತಿಳಿದವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಎಷ್ಟೋ ಜನ ರಿಪೇರಿಯವರು ಕೇಳಿದರೆ ತೋರಿಸಿ ಹೇಳುತ್ತಾರೆ. ಎರಡನೆಯ ಸಲದಿಂದ ನೀವೇ ಮಾಡಬಹುದು.

ಪೂರ್ತಿ ಟೊಳ್ಳಿನ ಗಿಟಾರಿನಲ್ಲಿ ಒಂದು ವಿಚಿತ್ರ ಇದೆ. ಅದರ ಕುದುರೆಯನ್ನು ಸಾಮಾನ್ಯವಾಗಿ ಅಂಟಿಸಿರುವುದಿಲ್ಲ, ಮೊಳೆಯೂ ಹೊಡೆದಿರುವುದಿಲ್ಲ. ಪಿಟೀಲಿನ ಹಾಗೆ ತಂತಿಗಳು ಒತ್ತಿಹಿಡಿದಿರುವುದರಿಂದಲೇ ಅದು ನಿಂತಿರುತ್ತದೆ. ಆರೂ ತಂತಿ ಒಟ್ಟಿಗೆ ಬಿಚ್ಚಿದರೆ ಕುದುರೆ ನಿಮ್ಮ ಕೈಗೇ ಬರುತ್ತದೆ, ಆಮೇಲೆ ಅದರ ಜಾಗ ಎಲ್ಲಿತ್ತು ಎಂದು ಹುಡುಕಬೇಕು. ಹಾಗಾಗಿ ಮೊದಲು ಕುದುರೆಯ ಪಾದದ ಸುತ್ತ ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ನೀಲಿ ಟೇಪು ಅಂಟಿಸಿ ಗುರುತು ಮಾಡಿಕೊಳ್ಳಿ. ತಂತಿಗಳನ್ನು ಒಂದೊಂದಾಗಿ ಬದಲಾಯಿಸಿ. (ಕೆಲವು ಗಿಟಾರುಗಳಲ್ಲಿ ಪಾದಕ್ಕೆ ಸಣ್ಣ ಪಿನ್ನು ಹಾಕಿರುತ್ತಾರೆ, ಅರೆ ಟೊಳ್ಳಿನಲ್ಲಿ ಕುದುರೆಯ ಕಂಬಗಳು ಮರಕ್ಕೇ ಕೂತಿರುತ್ತವೆ; ಅವರು ಈ ಭಾಗ ನೆಮ್ಮದಿಯಾಗಿ ಕೇಳಬಹುದು.) ಕುದುರೆಯ ಪಾದ ಉಬ್ಬಿದ ಮುಖದ ಮೇಲೆ ಪೂರ್ತಿ ಕೂತಿದೆಯೇ ಎಂದು ಒಂದು ತುಂಡು ಕಾಗದ ಸುತ್ತಲೂ ತೂರಿಸಿ ನೋಡಿ. ಎಲ್ಲಾದರೂ ಕಾಗದ ಒಳಗೆ ಹೋದರೆ ಅಷ್ಟು ನಾದ ಅಲ್ಲಿ ಸೋರಿಹೋಗುತ್ತಿದೆ.

ಕುತ್ತಿಗೆ ಬಾಗಿದ್ದರೆ ಟ್ರಸ್ ರಾಡ್ ತಿರುಗಿಸುವುದು. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಗಿಯಾಗಿ ಕುತ್ತಿಗೆ ನೇರವಾಗುತ್ತದೆ. ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಸಡಿಲವಾಗಿ ಬಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ಶ್ರುತಿ ಮಾಡಿ, ಕಾದು ನೋಡಿ. ಬಲ ಹಾಕಬೇಕಾಗಿ ಬಂದರೆ ನಿಲ್ಲಿಸಿ, ಅಂಗಡಿಗೆ ಒಯ್ಯಿರಿ.

ಬೆರಳು ನೋಯಿಸುವ ಮುಖ್ಯ ಅಪರಾಧಿ ಹೆಚ್ಚಾಗಿ ಇನ್ನೊಂದು ತುದಿಯಲ್ಲಿರುತ್ತದೆ: ನಟ್, ಅಂದರೆ ಬಿರಡೆಗಳ ಹತ್ತಿರ ತಂತಿ ಹಾದುಹೋಗುವ ಕಚ್ಚುಗಳಿರುವ ಬಿಳಿ ಪಟ್ಟಿ. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಕಚ್ಚುಗಳನ್ನು ಪೂರ್ತಿ ಕೊರೆಯದೆ ಬಿಟ್ಟಿರುತ್ತಾರೆ. ತಂತಿಯನ್ನು ಮೂರನೆಯ ಮೆಟ್ಟಿಲಲ್ಲಿ ಒತ್ತಿ, ಒಂದನೆಯ ಮೆಟ್ಟಿಲ ಮೇಲೆ ಎಷ್ಟು ಸಂದಿದೆ ನೋಡಿ. ಇದೆಯೋ ಇಲ್ಲವೋ ಎನ್ನುವಷ್ಟು ಇರಬೇಕು. ಕಣ್ಣಿಗೆ ಧಾರಾಳವಾಗಿ ಕಂಡರೆ, ನೀವು ಎಫ್ ಕಾರ್ಡ್ ಹಿಡಿಯಲಾರದ್ದಕ್ಕೆ ಕಾರಣ ಸಿಕ್ಕಿತು. ಕಚ್ಚು ಕೊರೆಯಲು ತಂತಿಯ ದಪ್ಪಕ್ಕೆ ತಕ್ಕ ಅರಗಳು ಬೇಕು, ಒಂದು ಕೂದಲು ಹೆಚ್ಚು ಕೊರೆದರೂ ತಂತಿ ಝೇಂಕರಿಸುತ್ತದೆ. ಇದೊಂದನ್ನು ಮಾತ್ರ ಯಾವಾಗಲೂ ತಿಳಿದವರಿಗೇ ಬಿಡಿ.

ಆಮೇಲೆ ಎತ್ತರ. ಹನ್ನೆರಡನೆಯ ಮೆಟ್ಟಿಲಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು 2 ಮಿಲಿಮೀಟರ್, ಸಣ್ಣ ತಂತಿಯ ಕೆಳಗೆ ಸುಮಾರು ಒಂದೂವರೆ ಇದ್ದರೆ ಕಲಿಯುವವರಿಗೆ ಹಿತ. ಚಕ್ರ ತಿರುಗಿಸುವ ಮುಂಚೆ ತಂತಿ ಸ್ವಲ್ಪ ಸಡಿಲ ಮಾಡಿಕೊಳ್ಳಿ.

ಈಗ ನನಗೆ ಅತ್ಯಂತ ಇಷ್ಟವಾದ ಭಾಗ, ಕುದುರೆಯ ಜಾಗ ಹುಡುಕುವುದು. ನಟ್‌ನಿಂದ ಹನ್ನೆರಡನೆಯ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೆ ಹೆಚ್ಚುಕಡಿಮೆ ಅಷ್ಟೇ ದೂರ. ತಂತಿಯ ಉದ್ದ 24.75 ಇಂಚು ಇರುವ ಗಿಟಾರಿನಲ್ಲಿ ಅದು ಸುಮಾರು 314 ಮಿಲಿಮೀಟರ್. ಅಲ್ಲಿಗೆ ತಂದಿಟ್ಟು, ಉಳಿದದ್ದನ್ನು ಕಿವಿಗೆ ಬಿಡಿ. ಹನ್ನೆರಡನೆಯ ಮೆಟ್ಟಿಲ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳು ಸೋಕಿಸಿ ಮೀಟಿದರೆ ಗಂಟೆಯಂಥ ಸ್ವರ ಬರುತ್ತದೆ. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಇರಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಬಾಲದ ಕಡೆಗೆ ಕೂದಲಷ್ಟು ಸರಿಸಿ; ಇಳಿದಿದ್ದರೆ ಕುತ್ತಿಗೆಯ ಕಡೆಗೆ. ಸಣ್ಣ ತಂತಿಯ ಕಡೆ ಒಂದು ಸಲ, ದಪ್ಪ ತಂತಿಯ ಕಡೆ ಒಂದು ಸಲ ನೋಡಿ. ಕುದುರೆ ಸ್ವಲ್ಪ ಓರೆಯಾಗಿ ನಿಂತರೆ ಅದೇ ಸರಿ. ಟ್ಯೂನರ್ ಆಪ್ ನೋಡಿ ಮಾಡಬಹುದು. ಒಂದು ಸಲ ಆಪ್ ಮುಚ್ಚಿ ಕಣ್ಣೂ ಮುಚ್ಚಿ ಮಾಡಿ ನೋಡಿ. ಎರಡು ಸ್ವರಗಳ ನಡುವಿನ ಅಂತರ ನಿಧಾನವಾಗಿ ಕರಗಿ ಒಂದಾಗುವುದನ್ನು ಕೇಳಿದ ಕಿವಿಗೆ ಶ್ರುತಿ ಎಂದರೇನು ಎಂದು ಯಾವ ಪುಸ್ತಕವೂ ಹೇಳಬೇಕಾಗಿಲ್ಲ.

ಎಲ್ಲ ಆದ ಮೇಲೂ ಎಲ್ಲೋ ಝುಯ್ ಎಂದರೆ ಗಾಬರಿ ಬೇಡ. ಟೊಳ್ಳು ಮೈಯಲ್ಲಿ ಸಡಿಲವಾದ ಒಂದು ಸ್ಕ್ರೂ, ಒಳಗೆ ಮರಕ್ಕೆ ತಾಗುವ ಒಂದು ವೈರು ಕೂಡ ಜೀರುಂಡೆಯ ಹಾಗೆ ಹಾಡುತ್ತದೆ. ಒಂದೊಂದನ್ನೇ ಬೆರಳಿನಿಂದ ಒತ್ತಿ ಹಿಡಿದು ಮೀಟುತ್ತಾ ಹೋದರೆ ಸಿಕ್ಕಿಬೀಳುತ್ತದೆ.

ತಂತಿಯ ವಿಷಯ ಕನ್ನಡ ಹಾಡು ನುಡಿಸುವವರು ಸ್ವಲ್ಪ ಗಮನವಿಟ್ಟು ಕೇಳಿ. ಹಾಲೋಬಾಡಿಗೆ ಫ್ಲಾಟ್‌ವೌಂಡ್ ಎಂಬ ನುಣ್ಣನೆಯ ತಂತಿಗಳು ಸಿಗುತ್ತವೆ, ಸುತ್ತಿದ ಲೋಹ ರಿಬ್ಬನ್ನಿನ ಹಾಗೆ ಚಪ್ಪಟೆ. ಬೆಲೆ ಹೆಚ್ಚು, ಆದರೆ ತಿಂಗಳುಗಟ್ಟಲೆ ಬಾಳುತ್ತವೆ. ಬೆರಳು ಜಾರಿಸಿದರೆ ಕಿರ್ರ್ ಎನ್ನುವುದಿಲ್ಲ. ನಮ್ಮ ಭಾವಗೀತೆಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಜಾಗಗಳೇ ಹೆಚ್ಚು. ವೀಣೆಯವರು ಅದಕ್ಕೆ ಜಾರು ಎಂದೇ ಹೆಸರಿಟ್ಟಿದ್ದಾರೆ. ಆ ಕೆಲಸಕ್ಕೆ ಈ ತಂತಿಗೆ ಸಾಟಿಯಿಲ್ಲ. ಆದರೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯಬೇಕೆಂದರೆ ಇವು ಬಗ್ಗುವುದಿಲ್ಲ. ಫ್ಲಾಟ್‌ವೌಂಡ್ ಸೆಟ್ಟಿನಲ್ಲಿ ಮೂರನೆಯ ತಂತಿಗೂ ಸಾಮಾನ್ಯವಾಗಿ ಸುತ್ತು ಇರುತ್ತದೆ, ಅದನ್ನು ಎಳೆಯುವುದು ಇನ್ನೂ ಕಷ್ಟ. ಎಳೆಯುವ ಆಸೆ ಇದ್ದರೆ 10ನೇ ನಂಬರಿನ ಮಾಮೂಲಿ ತಂತಿ, ಜಾರುವ ಆಸೆ ಇದ್ದರೆ 11ರ ಫ್ಲಾಟ್‌ವೌಂಡ್. ತಂತಿಯ ಜಾತಿ ಬದಲಾಯಿಸಿದಾಗಲೆಲ್ಲ ಕುದುರೆಯ ಜಾಗ ಮತ್ತೆ ನೋಡಬೇಕು.

ಇನ್ನು ನಮ್ಮ ಈ ಊರುಗಳ ಹವೆ. ಜುಲೈನಲ್ಲಿ ಮಂಗಳೂರಿನಷ್ಟು ತೇವ, ಜನವರಿಯಲ್ಲಿ ಹೀಟರಿನಿಂದ ತುಟಿ ಒಡೆಯುವಷ್ಟು ಒಣ. ಗಿಟಾರಿಗೆ ಹಿತವಾದ ತೇವಾಂಶ ನೂರಕ್ಕೆ 45ರಿಂದ 55. ಹೀಟರಿನ ಗಾಳಿ ಬರುವ ಜಾಗದಲ್ಲಿ ಇಡಬೇಡಿ. ಅಟ್ಲಾಂಟದ ಬೇಸಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ, ಅಂಟು ಮೆತ್ತಗಾಗುತ್ತದೆ. ವರ್ಷಕ್ಕೆ ಎರಡು ಸಲ, ಹೀಟರ್ ಹಾಕುವ ಕಾಲಕ್ಕೊಮ್ಮೆ, ಎ.ಸಿ. ಹಾಕುವ ಕಾಲಕ್ಕೊಮ್ಮೆ, ಕುತ್ತಿಗೆಯ ಸಂದು ನೋಡಿ. ದೀಪಾವಳಿ, ಯುಗಾದಿ ಎಂದು ನೆನಪಿಟ್ಟುಕೊಂಡರೂ ಆಯಿತು.

ಕೊನೆಗೆ ವೇದಿಕೆ. ನಾವು ಬಾಡಿಗೆಗೆ ಹಿಡಿಯುವ ಹೈಸ್ಕೂಲ್ ಆಡಿಟೋರಿಯಂಗಳಲ್ಲಿ, ದೇವಸ್ಥಾನದ ಹಾಲುಗಳಲ್ಲಿ ಸ್ಪೀಕರುಗಳು ದೊಡ್ಡವು, ಸದ್ದು ಇನ್ನೂ ದೊಡ್ಡದು. ಸ್ಪೀಕರಿನ ಸದ್ದು ಟೊಳ್ಳು ಮೈಯನ್ನು ಅಲುಗಿಸುತ್ತದೆ; ಮೈ ತಂತಿಯನ್ನು ಅಲುಗಿಸುತ್ತದೆ; ಪಿಕಪ್ ಅದನ್ನು ಹಿಡಿದು ಮತ್ತೆ ಸ್ಪೀಕರಿಗೆ ಕೊಡುತ್ತದೆ. ಸುತ್ತುತ್ತಾ ಸುತ್ತುತ್ತಾ ಊಂ ಎಂಬ ಕೂಗು ಎದ್ದು, ಮುಂದಿನ ಸಾಲಿನ ಅಜ್ಜ ಹಿಯರಿಂಗ್ ಏಡ್ ತೆಗೆದಿಡುತ್ತಾರೆ.

ಅಷ್ಟು ಸದ್ದಿನಲ್ಲೂ ಇದನ್ನು ಪಳಗಿಸಬಹುದು ಎನ್ನುವುದಕ್ಕೆ ಡಿ.ಸಿ.ಯಲ್ಲೇ ಸಾಕ್ಷಿ ಇದೆ. ಚಕ್ ಬ್ರೌನ್ 1936ರಲ್ಲಿ ಉತ್ತರ ಕೆರೊಲಿನಾದಲ್ಲಿ ಹುಟ್ಟಿ ಡಿ.ಸಿ.ಯಲ್ಲಿ ಬೆಳೆದವರು. ಗಿಟಾರ್ ಕೈಗೆ ಬಂದದ್ದು ಲಾರ್ಟನ್ ಸೆರೆಮನೆಯಲ್ಲಿ, ಐದು ಪೆಟ್ಟಿಗೆ ಸಿಗರೇಟು ಕೊಟ್ಟು. ವರ್ಜೀನಿಯಾದವರಿಗೆ ಗೊತ್ತಿರುವ ಆ ಆವರಣದ ಒಂದು ಭಾಗದಲ್ಲೇ ಈಗ ವರ್ಕ್‌ಹೌಸ್ ಆರ್ಟ್ಸ್ ಸೆಂಟರ್ ಇದೆ. ಹಾಡು ಮುಗಿದರೂ ತಾಳ ನಿಲ್ಲದ, ಜನ ಕುಣಿಯುವುದನ್ನು ನಿಲ್ಲಿಸದ ಗೋ-ಗೋ ಸಂಗೀತಕ್ಕೆ ಅವರೇ ಮೂಲಪುರುಷ. ಅವರು 2012ರಲ್ಲಿ ತೀರಿಕೊಂಡರು. 2020ರಲ್ಲಿ ಗೋ-ಗೋ ಡಿ.ಸಿ.ಯ ಅಧಿಕೃತ ಸಂಗೀತವಾಯಿತು. ಕಾಂಗಾ ಡ್ರಮ್ಮು, ತುತ್ತೂರಿಗಳ ಆ ಗದ್ದಲದ ನಡುವೆ ಅವರ ತೋಳಿನಲ್ಲಿದ್ದದ್ದು ಅರೆ ಟೊಳ್ಳಿನ ಗಿಬ್ಸನ್.

ನಿಮ್ಮ ಪಾಲಿಗೆ ಸುಲಭದ ಉಪಾಯಗಳಿವೆ. ನಿಮ್ಮ ಆಂಪ್ಲಿಫೈಯರ್ ನಿಮ್ಮ ಬೆನ್ನ ಹಿಂದೆ ಬೇಡ, ಪಕ್ಕಕ್ಕೆ ಇಡಿ, ಗಿಟಾರಿನ ಮುಖ ಅದರ ಕಡೆ ತಿರುಗದಿರಲಿ. ಬೇಸ್ ಗುಬುಟು ಕಡಿಮೆ ಮಾಡಿ. ನುಡಿಸದಿದ್ದಾಗ, ನಿರೂಪಕಿ ಮಾತಾಡುವಾಗ, ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಆದರೂ ಕೂಗಿದರೆ ಎಫ್ ತೂತುಗಳಿಗೆ ಸ್ಪಂಜು ತುರುಕಿ. ನಾದ ತುಸು ಕುಂದುತ್ತದೆ, ಕೂಗು ನಿಲ್ಲುತ್ತದೆ. ಸ್ಪಂಜು ಸಿಗದಿದ್ದರೆ ಮೆತ್ತನೆಯ ಬಟ್ಟೆಯೂ ಆಗುತ್ತದೆ, ಹೊರಗೆ ಒಂದು ತುದಿ ಬಿಡಿ, ಒಳಗೆ ಬಿದ್ದರೆ ತೆಗೆಯಲು ಮತ್ತೆ ದಾರವೇ ಗತಿ. ಸೌಂಡ್ ಚೆಕ್‌ಗೆ ಅರ್ಧ ಗಂಟೆ ಮುಂಚೆ ಬನ್ನಿ. ನೀಲಿ ಟೇಪು, ಟಾರ್ಚು ನನ್ನ ಚೀಲದಲ್ಲಿರುತ್ತವೆ. ತಂತಿಯ ಒಂದು ಸೆಟ್ ನೀವು ತನ್ನಿ.